ಮಾತಿಲ್ಲದ ಪರದೆಗೆ ಇಳಿದ ಮಾತಿನ ಮಲ್ಲ

ಮಾತನ್ನೇ ಬಂಡವಾಳ ಮಾಡಿಕೊಂಡ ಹಾಸ್ಯನಟರೊಬ್ಬರು ಮಾತೇ ಇಲ್ಲದ ಸಿನಿಮಾಕ್ಕೆ ದುಡ್ಡು ಹಾಕಿದರೆ? ಗುಬ್ಬಿ ವೀರಣ್ಣ ಆ ಸಾಹಸ ಮಾಡಿದ್ದರು.

ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1891ರಲ್ಲಿ ಹುಟ್ಟಿದ ಅವರಿಗೆ ಶಾಲೆಯ ಓದು ಹೆಚ್ಚು ದಕ್ಕಲಿಲ್ಲ. 1884ರಲ್ಲಿ ಶುರುವಾಗಿದ್ದ ಊರಿನ ನಾಟಕ ಕಂಪನಿಯನ್ನು ಬಾಲಕನಾಗಿ ಸೇರಿ, ಮುಂದೆ ಅದರ ಒಡೆಯರೇ ಆದರು. ‘ಸದಾರಮೆ’ ನಾಟಕದ ಕಳ್ಳನ ಪಾತ್ರ ಅವರನ್ನು ಮನೆಮಾತಾಗಿಸಿತು.

ಮಿರ್ಜಾನ, ಕುಮಟಾ ಕಡೆಯ ನಮಗೆ ಯಕ್ಷಗಾನದ ಹಾಸ್ಯಗಾರ ಗೊತ್ತು. ಅವನು ಬಾಯಿ ತೆರೆದರೇ ಆಟಕ್ಕೆ ಕಳೆ. ವೀರಣ್ಣನವರ ಬಲವೂ ಅದೇ. ಆದರೂ 1930ರ ಆಸುಪಾಸಿನಲ್ಲಿ ಅವರು ಮೂಕಿ ಚಿತ್ರಗಳತ್ತ ಹೊರಳಿದರು. ‘ಹಿಸ್ ಲವ್ ಅಫೇರ್’ ಚಿತ್ರಕ್ಕೆ ಬೆಲ್ಜಿಯಂನ ರಫೇಲ್ ಅಲ್ಗೊಯೆಟ್ ನಿರ್ದೇಶಕ. ವೀರಣ್ಣನವರ ಜೊತೆ ಪತ್ನಿ ಬಿ. ಜಯಮ್ಮ ನಟಿಸಿದರು. ‘ಹರಿಮಾಯಾ’ವನ್ನು ವೈ.ವಿ. ರಾವ್ ನಿರ್ದೇಶಿಸಿದರು.

ಆದರೆ ಕಾಲ ಕೈಕೊಟ್ಟಿತು. 1931ರಲ್ಲಿ ‘ಆಲಂ ಆರಾ’ ಬಂದು ಸಿನಿಮಾ ಮಾತಾಡತೊಡಗಿತು. ಅದೇ ವರ್ಷ ಚಾಪ್ಲಿನ್ ‘ಸಿಟಿ ಲೈಟ್ಸ್’ನಲ್ಲಿ ಮೌನವನ್ನೇ ಹಿಡಿದು ಗೆದ್ದರು, ಜಗತ್ತೇ ಅವರ ಮಾರುಕಟ್ಟೆಯಾಗಿತ್ತು. ನಮ್ಮಲ್ಲಿ ಮೂಕಿಯ ಯುಗ ಬೇಗನೆ ಮುಗಿಯಿತು. 1934ರಲ್ಲಿ ಬಂದ ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’ದ ನಿರ್ದೇಶಕರು ಅದೇ ವೈ.ವಿ. ರಾವ್!

ವೀರಣ್ಣ ಕೈಚೆಲ್ಲಿ ಕೂರಲಿಲ್ಲ. ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. 1935ರಲ್ಲಿ ‘ಸದಾರಮೆ’ಯನ್ನು ಟಾಕಿ ಮಾಡಿ, ತಾವೂ ನಟಿಸಿದರು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ಕಂಪನಿಯ ಹುಡುಗರಾಗಿದ್ದ ರಾಜ್‌ಕುಮಾರ್, ನರಸಿಂಹರಾಜು ಅವರಿಗೆ ದೊಡ್ಡ ಅವಕಾಶ ಕೊಟ್ಟರು. ಮನೆ ಬಿಟ್ಟು ಬಂದಿದ್ದ ಬಿ.ವಿ. ಕಾರಂತರನ್ನು ಎಂ.ಎ. ಓದಲು ಬನಾರಸ್‌ಗೆ ಕಳಿಸಿದ್ದೂ ಅವರೇ. 1972ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ತೀರಿಕೊಂಡರು.

ಮೊದಲ ಸೆಮಿಸ್ಟರ್‌ನಲ್ಲಿ ಕಲಿತ ಸಾಫ್ಟ್‌ವೇರ್ ಕ್ಯಾಂಪಸ್ ಸಂದರ್ಶನದ ಹೊತ್ತಿಗೆ ಹಳತಾಗುವ ಕಾಲ ನಮ್ಮದು. ವೀರಣ್ಣ ನಂಬಿದ ತಂತ್ರಜ್ಞಾನವೂ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ಆದರೆ ನಗಿಸುವ ಕಸುಬು, ಜನರ ಪ್ರತಿಭೆ ಗುರುತಿಸುವ ಕಣ್ಣು ಹಳತಾಗಲಿಲ್ಲ. ರೆಸ್ಯೂಮೆಯ ‘ಸ್ಕಿಲ್ಸ್’ ಕಾಲಂ ತುಂಬುವಾಗ ಒಮ್ಮೆ ಯೋಚಿಸೋಣ: ಯಂತ್ರ ಬದಲಾದ ಮೇಲೂ ಉಳಿಯುವಂಥದ್ದು ಅದರಲ್ಲಿ ಎಷ್ಟಿದೆ?