ನಕ್ಷತ್ರಗಳ ಬೆಳಕನ್ನು ಓದಿದ ಗುರು

1868ರ ಆಗಸ್ಟ್ 18ರಂದು ಅಥಣಿಯ ನೆರೆಯ ಜಮಖಂಡಿಯಲ್ಲಿ ಖಗ್ರಾಸ ಸೂರ್ಯಗ್ರಹಣವಾದಾಗ, ಜಾನ್ ಹರ್ಷೆಲ್ ಎಂಬ ಸೇನಾಧಿಕಾರಿಯು ಸೂರ್ಯನ ಅಂಚಿನ ಕೆಂಜ್ವಾಲೆಗಳ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡಿ, ಅವು ಪ್ರಜ್ವಲಿಸುವ ಅನಿಲವೆಂದು ಅರಿತರು. ಆ ಜ್ವಾಲೆಗಳು ಸೂರ್ಯನಿಗೇ ಸೇರಿದವೆಂಬುದನ್ನು, 1860ರಲ್ಲಿ ಸ್ಪೇನಿನಲ್ಲಿ ತೆಗೆದ ಗ್ರಹಣದ ಛಾಯಾಚಿತ್ರಗಳಿಂದ ದೃಢಪಡಿಸಲು ನೆರವಾದವರು ಯೇಸುಸಭೆಯ ಗುರು ಆಂಜೆಲೊ ಸೆಕ್ಕಿ.

1818ರಲ್ಲಿ ಇಟಲಿಯಲ್ಲಿ ಜನಿಸಿದ ಅವರು ಹದಿನೈದರ ಪ್ರಾಯದಲ್ಲಿ ಯೇಸುಸಭೆಯನ್ನು ಸೇರಿದರು. 1848ರಲ್ಲಿ ಸಭೆಯವರು ರೋಮಿನಿಂದ ಹೊರಡಬೇಕಾದಾಗ ಇಂಗ್ಲೆಂಡ್, ಅಮೆರಿಕಗಳಲ್ಲಿ ಆಶ್ರಯ ಪಡೆದು, ಮರಳಿ ಬಂದು ರೋಮನ್ ಕಾಲೇಜಿನ ವೀಕ್ಷಣಾಲಯದ ನಿರ್ದೇಶಕರಾದರು. ಸಂತ ಇಗ್ನಾಸಿಯವರ ದೇವಾಲಯದ ಮೇಲೆಯೇ ದೂರದರ್ಶಕವನ್ನು ನಿಲ್ಲಿಸಿ, ಸುಮಾರು 4,000 ನಕ್ಷತ್ರಗಳ ಬೆಳಕನ್ನು ಪರೀಕ್ಷಿಸಿ ವರ್ಗೀಕರಿಸಿದರು. ಎಂದೂ ಕೈಗೆ ನಿಲುಕದ ನಕ್ಷತ್ರದ ಸ್ವರೂಪವನ್ನು ಅದರ ಕಿರಣವೇ ತಿಳಿಸುತ್ತದೆಂದು ತೋರಿಸಿಕೊಟ್ಟರು.

1870ರಲ್ಲಿ ರೋಮ್ ಇಟಲಿ ಸರ್ಕಾರದ ವಶವಾಯಿತು. ಹೊಸ ಸರ್ಕಾರವು ನೀಡಬಂದ ಹುದ್ದೆಯನ್ನು ಒಲ್ಲದೆ ಅವರು ತಮ್ಮ ಸಭೆಗೂ ಪೋಪ್ ಜಗದ್ಗುರುಗಳಿಗೂ ನಿಷ್ಠರಾಗಿ ಉಳಿದರು, ವೀಕ್ಷಣೆಯನ್ನೂ ಬಿಡಲಿಲ್ಲ. 1878ರ ಫೆಬ್ರವರಿ 26ರಂದು ದೈವಾಧೀನರಾದರು.

ಕೆಳಗೆ ಬಲಿಪೀಠದ ದೀಪ, ಮೇಲೆ ನಕ್ಷತ್ರಗಳ ಬೆಳಕು: ಎರಡಕ್ಕೂ ಅವರು ಒಂದೇ ಬಾಳನ್ನು ಮುಡಿಪಾಗಿಟ್ಟರು. ವಿಜ್ಞಾನ ಕಲಿತ ಮಕ್ಕಳ ವಿಶ್ವಾಸ ಕುಂದೀತೆಂದು ಅಂಜುವ ಹೆತ್ತವರಿಗೆ ಈ ಗುರುವಿನ ಜೀವನವು ಧೈರ್ಯ ನೀಡಲಿ.