ಮೇಘನಾದ ಸಾಹಾ

ಇಂದಿನ ಬಾಂಗ್ಲಾದೇಶದ ಢಾಕಾ ನಗರಕ್ಕೆ ಅನತಿದೂರದಲ್ಲಿ ಶೇವರಾತಲಿ ಎಂಬ ಹಳ್ಳಿಯಿದೆ. ಹಿಂದೆ ಮಳೆಗಾಲ ಬಂದಿತೆಂದರೆ ಅಲ್ಲಿನ ಹೊಲಗಳೂ ಹಾದಿಗಳೂ ನೀರಿನಲ್ಲಿ ಮುಳುಗಿ, ಜನರು ದೋಣಿಗಳಲ್ಲಿ ಓಡಾಡಬೇಕಾಗುತ್ತಿತ್ತು. ಆ ಹಳ್ಳಿಯಲ್ಲಿ ಜಗನ್ನಾಥ ಸಾಹಾ ಎಂಬುವರು ಸಣ್ಣದೊಂದು ಕಿರಾಣಿ ಅಂಗಡಿಯನ್ನು ನಡೆಸುತ್ತಿದ್ದರು. ಅವರ ಪತ್ನಿ ಭುವನೇಶ್ವರೀ ದೇವಿ. ಈ ದಂಪತಿಗಳ ಎಂಟು ಮಂದಿ ಮಕ್ಕಳಲ್ಲಿ ಐದನೆಯವರಾಗಿ 1893ನೆಯ ಇಸವಿ ಅಕ್ಟೋಬರ್ 6ರಂದು ಮೇಘನಾದರು ಜನಿಸಿದರು. ಸೂರ್ಯನ ಮತ್ತು ನಕ್ಷತ್ರಗಳ ಬೆಳಕಿನಲ್ಲಿ ಅಡಗಿದ್ದ ಒಂದು ಗೂಢವನ್ನು ಬಿಡಿಸಿ ಜಗತ್ತಿನ ವಿಜ್ಞಾನಿಗಳ ಮನ್ನಣೆಗೆ ಪಾತ್ರರಾದವರು ಇವರೇ.

ಅಂಗಡಿಯ ವರಮಾನ ದೊಡ್ಡ ಸಂಸಾರದ ಹೊಟ್ಟೆಬಟ್ಟೆಗೇ ಸಾಲುತ್ತಿರಲಿಲ್ಲ. ಹುಡುಗನು ನಾಲ್ಕಕ್ಷರ ಕಲಿತು ಅಂಗಡಿಯಲ್ಲಿ ಕುಳಿತರೆ ಸಾಕೆಂಬುದು ತಂದೆಯ ಎಣಿಕೆಯಾಗಿತ್ತು. ಊರಿನ ಪ್ರಾಥಮಿಕ ಶಾಲೆ ಮುಗಿದ ಮೇಲೆ ಮುಂದಿನ ಶಾಲೆಯಿದ್ದುದು ಸುಮಾರು 10 ಕಿಲೋಮೀಟರ್ ದೂರದ ಶಿಮುಲಿಯಾ ಎಂಬ ಊರಿನಲ್ಲಿ. ಮೇಘನಾದರ ಬುದ್ಧಿಶಕ್ತಿಯನ್ನು ಗುರುತಿಸಿದ್ದ ಅವರ ಅಣ್ಣ ಜಯನಾಥರು ಅಲ್ಲಿನ ವೈದ್ಯರಾದ ಅನಂತಕುಮಾರ ದಾಸ್ ಅವರನ್ನು ಕಂಡು ತಮ್ಮನಿಗೆ ಆಶ್ರಯ ಬೇಡಿದರು. ದಾಸ್ ಅವರು ಊಟ ವಸತಿಗಳನ್ನು ಕೊಡಲು ಒಪ್ಪಿದರು. ಉಂಡ ತಟ್ಟೆಯನ್ನು ತಾನೇ ತೊಳೆಯುವುದು, ಮನೆಯ ಹಸುವನ್ನು ನೋಡಿಕೊಳ್ಳುವುದು, ಇವು ಬಾಲಕನ ಪಾಲಿನ ಕೆಲಸಗಳಾದವು. ಈ ಕೆಲಸಗಳ ನಡುವೆಯೇ ಓದಿ ಮೇಘನಾದರು ವಿದ್ಯಾರ್ಥಿವೇತನ ಗಳಿಸಿ, 1905ರಲ್ಲಿ ಢಾಕಾ ನಗರದ ಸರಕಾರಿ ಪ್ರೌಢಶಾಲೆಯನ್ನು ಸೇರಿದರು. ಸೆಣಬಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅಣ್ಣನು ತಿಂಗಳಿಗೆ ದೊರೆಯುತ್ತಿದ್ದ 20 ರೂಪಾಯಿಗಳಲ್ಲಿ 5 ರೂಪಾಯಿಗಳನ್ನು ತಮ್ಮನಿಗೆ ಕಳುಹಿಸುತ್ತಿದ್ದನು.

ಅದೇ ವರ್ಷ ಬ್ರಿಟಿಷ್ ಸರಕಾರವು ಬಂಗಾಳವನ್ನು ಇಬ್ಭಾಗ ಮಾಡಿತು. ನಾಡಿನಲ್ಲೆಲ್ಲ ಪ್ರತಿಭಟನೆ ಎದ್ದಿತು. ಶಾಲೆಗೆ ಬರಲಿದ್ದ ರಾಜ್ಯಪಾಲರನ್ನು ಬಹಿಷ್ಕರಿಸಿದ ವಿದ್ಯಾರ್ಥಿಗಳಲ್ಲಿ ಮೇಘನಾದರೂ ಒಬ್ಬರು. ಇದರಿಂದ ಅವರು ಶಾಲೆಯಿಂದ ಹೊರಹಾಕಲ್ಪಟ್ಟರು, ವಿದ್ಯಾರ್ಥಿವೇತನವೂ ತಪ್ಪಿಹೋಯಿತು. ಮತ್ತೊಂದು ಖಾಸಗಿ ಶಾಲೆಯು ಅವರನ್ನು ಸೇರಿಸಿಕೊಂಡಿತು. 1909ರ ಪ್ರವೇಶ ಪರೀಕ್ಷೆಯಲ್ಲಿ ಅವರು ಪೂರ್ವ ಬಂಗಾಳಕ್ಕೇ ಮೊದಲಿಗರಾಗಿ ತೇರ್ಗಡೆ ಹೊಂದಿದರು.

1911ರಲ್ಲಿ ಅವರು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು. ಜಗದೀಶಚಂದ್ರ ಬೋಸ್ ಮತ್ತು ಪ್ರಫುಲ್ಲಚಂದ್ರ ರೇ ಅವರಂಥ ಗುರುಗಳು, ಸತ್ಯೇಂದ್ರನಾಥ ಬೋಸರಂಥ ಸಹಪಾಠಿ ಅಲ್ಲಿ ಅವರಿಗೆ ದೊರೆತರು. ಆದರೆ ವಿದ್ಯಾರ್ಥಿನಿಲಯದಲ್ಲಿ ಮೇಲ್ಜಾತಿಯ ಕೆಲವರು ಅವರೊಡನೆ ಪಂಕ್ತಿಯಲ್ಲಿ ಕುಳಿತು ಉಣ್ಣಲು ಒಪ್ಪಲಿಲ್ಲ. ವಿದ್ಯೆಯ ಮನೆಯಲ್ಲಿಯೇ ಎದುರಾದ ಈ ಅವಮಾನ ಅವರ ಮನಸ್ಸಿನಲ್ಲಿ ಆಳವಾಗಿ ಉಳಿಯಿತು. ಅವರು ಬಿ.ಎಸ್‌ಸಿ. ಮತ್ತು ಎಂ.ಎಸ್‌ಸಿ. ಪರೀಕ್ಷೆಗಳೆರಡರಲ್ಲೂ ಎರಡನೆಯ ಸ್ಥಾನ ಪಡೆದರು. ಸರಕಾರದ ಹಣಕಾಸು ಇಲಾಖೆಯ ಪರೀಕ್ಷೆಗೆ ಕುಳಿತು ಮನೆಯ ಬಡತನವನ್ನು ನೀಗಬೇಕೆಂದಿದ್ದರು. ಕ್ರಾಂತಿಕಾರಿಗಳ ಸಂಪರ್ಕವುಳ್ಳವರೆಂಬ ಶಂಕೆಯಿಂದ ಅದಕ್ಕೆ ಅನುಮತಿ ದೊರೆಯಲಿಲ್ಲ. ಕೆಲಕಾಲ ಸೈಕಲ್ಲಿನ ಮೇಲೆ ಊರು ಸುತ್ತಿ ಮನೆಪಾಠ ಹೇಳಿ ಜೀವನ ಸಾಗಿಸಿದರು. 1916ರಲ್ಲಿ ಅಶುತೋಷ ಮುಖರ್ಜಿಯವರು ಕಲ್ಕತ್ತೆಯ ನೂತನ ವಿಜ್ಞಾನ ಕಾಲೇಜಿನಲ್ಲಿ ಸಾಹಾ ಅವರಿಗೂ ಸತ್ಯೇಂದ್ರನಾಥ ಬೋಸರಿಗೂ ಅಧ್ಯಾಪಕ ಹುದ್ದೆಗಳನ್ನು ಕೊಟ್ಟರು. ಸರಕಾರಿ ನೌಕರಿಯ ಬಾಗಿಲು ಮುಚ್ಚಿದುದರಿಂದ ವಿಜ್ಞಾನಕ್ಕೆ ಲಾಭವೇ ಆಯಿತು.

ಸಾಹಾ ಅವರು ಕೈಗೆತ್ತಿಕೊಂಡ ಪ್ರಶ್ನೆ ಸೂರ್ಯನ ಬೆಳಕಿಗೆ ಸಂಬಂಧಿಸಿದುದು. ಅದು ಎಂತಹುದೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಸೂರ್ಯನ ಬೆಳಕನ್ನು ಗಾಜಿನ ಪಟ್ಟಕದ ಮೂಲಕ ಹಾಯಿಸಿದರೆ ಅದು ಬಣ್ಣಗಳ ಪಟ್ಟಿಯಾಗಿ ಹರಡುತ್ತದೆ. ಇದಕ್ಕೆ ರೋಹಿತ ಎಂದು ಹೆಸರು. ರೋಹಿತದಲ್ಲಿ ಅಲ್ಲಲ್ಲಿ ಸಣ್ಣ ಗೆರೆಗಳಿರುತ್ತವೆ. ಒಂದೊಂದು ಧಾತುವಿಗೂ ಅದರದೇ ಆದ ಗೆರೆಗಳುಂಟು. ಗೆರೆಗಳನ್ನು ನೋಡಿ ಧಾತುವನ್ನು ಗುರುತಿಸಬಹುದು. ಸೂರ್ಯನ ಅಂಚಿನಲ್ಲಿರುವ ತೆಳುವಾದ ಅನಿಲದ ಹೊದಿಕೆಯನ್ನು, ಎಂದರೆ ವರ್ಣಗೋಳವನ್ನು, ಹೀಗೆ ಪರೀಕ್ಷಿಸಲು ಆಗಿನ ಕಾಲದಲ್ಲಿ ಪೂರ್ಣ ಸೂರ್ಯಗ್ರಹಣವೇ ಒದಗಿಬರಬೇಕಾಗಿತ್ತು.

ಅಂತಹ ಎರಡು ಗ್ರಹಣಗಳಿಗೂ ಕನ್ನಡ ನಾಡಿಗೂ ನಂಟಿದೆ. 1868ರ ಆಗಸ್ಟ್ 18ರಂದು ಚಂದ್ರನ ನೆರಳು ಬಿಜಾಪುರ, ಜಮಖಂಡಿಗಳ ಮೇಲೆ ಹಾದುಹೋಯಿತು. ಜಮಖಂಡಿಯಲ್ಲಿ ಜಾನ್ ಹರ್ಷೆಲ್ ಎಂಬ ಯುವ ಸೈನ್ಯಾಧಿಕಾರಿಯು ಸೂರ್ಯನ ಅಂಚಿನಿಂದ ಚಾಚಿದ ಜ್ವಾಲೆಗಳ ಬೆಳಕಿನಲ್ಲಿ ಹೊಳೆಯುವ ರೇಖೆಗಳನ್ನು ಕಂಡನು. ಆ ವರ್ಷ ಕಾಣಿಸಿಕೊಂಡ ಹಳದಿ ರೇಖೆಯೊಂದು ಭೂಮಿಯ ಮೇಲೆ ಅದುವರೆಗೆ ಯಾರೂ ಅರಿಯದ ಧಾತುವಿನದೆಂದು ಇಂಗ್ಲೆಂಡಿನ ನಾರ್ಮನ್ ಲಾಕಿಯರ್ ಅವರು ಊಹಿಸಿದರು. ಅದೇ ಹೀಲಿಯಂ. 1871ರ ಡಿಸೆಂಬರ್ 12ರ ಗ್ರಹಣವನ್ನು ನೋಡಲು ಲಾಕಿಯರ್ ಅವರೇ ಕಾಸರಗೋಡು ಸೀಮೆಯ ಬೇಕಲಕ್ಕೆ ಬಂದಿದ್ದರು.

ಮುಂದೆ ಲಾಕಿಯರ್ ಅವರನ್ನು ಒಂದು ಸಂಗತಿ ಕಾಡಿತು. ಒಂದೇ ಧಾತು ಸಾಮಾನ್ಯ ಜ್ವಾಲೆಯಲ್ಲಿ ಒಂದು ಬಗೆಯ ರೇಖೆಗಳನ್ನೂ ಪ್ರಬಲವಾದ ವಿದ್ಯುತ್ ಕಿಡಿಯಲ್ಲಿ ಇನ್ನೊಂದು ಬಗೆಯ ರೇಖೆಗಳನ್ನೂ ಕೊಡುತ್ತಿತ್ತು. ಸೂರ್ಯನಲ್ಲಿ ಕ್ಯಾಲ್ಸಿಯಂನ ಮೊದಲ ಬಗೆಯ ರೇಖೆಗಳು ವರ್ಣಗೋಳದ ಕೆಳಭಾಗದಲ್ಲಿ ಮಾತ್ರ ಇದ್ದು, ಎರಡನೆಯ ಬಗೆಯವು ಸುಮಾರು 14,000 ಕಿಲೋಮೀಟರ್ ಎತ್ತರದವರೆಗೂ ತೋರುತ್ತಿದ್ದವು. ಹೆಚ್ಚಿನ ಶಾಖದಲ್ಲಿ ಪರಮಾಣು ಒಡೆಯುತ್ತದೆಯೇ ಎಂದು ಲಾಕಿಯರ್ ಶಂಕಿಸಿದರು. ಆದರೆ ಪರಮಾಣುವಿನ ರಚನೆಯೇ ತಿಳಿಯದಿದ್ದ ಆ ಕಾಲದಲ್ಲಿ ಇದನ್ನು ನಿರೂಪಿಸುವ ದಾರಿಯಿರಲಿಲ್ಲ. ಇದಲ್ಲದೆ, ಸೋಡಿಯಂ ಧಾತುವಿನ ರೇಖೆಗಳು ಸೂರ್ಯನ ಬೆಳಕಿನಲ್ಲಿ ಸ್ಪಷ್ಟವಾಗಿದ್ದರೂ ಅದರ ಬಳಗಕ್ಕೇ ಸೇರಿದ ರುಬಿಡಿಯಂ, ಸೀಸಿಯಂಗಳ ರೇಖೆಗಳು ಕಾಣುತ್ತಿರಲಿಲ್ಲ. ಅವು ಸೂರ್ಯನಲ್ಲಿ ಇಲ್ಲವೇ ಇಲ್ಲವೋ, ಇದ್ದರೂ ಕಾಣಿಸುತ್ತಿಲ್ಲವೋ?

ಸಾಹಾ ಅವರ ಕಾಲಕ್ಕೆ ಪರಮಾಣುವಿನ ಚಿತ್ರ ತಿಳಿಯಾಗತೊಡಗಿತ್ತು. 1911ರಲ್ಲಿ ರುದರ್‌ಫರ್ಡ್ ಅವರು ಪರಮಾಣುವಿನ ನಡುವೆ ಧನವಿದ್ಯುತ್ತಿನ ನ್ಯೂಕ್ಲಿಯಸ್ ಇದೆಯೆಂದು ತೋರಿಸಿದರು. 1913ರಲ್ಲಿ ನೀಲ್ಸ್ ಬೋರ್ ಅವರು ಎಲೆಕ್ಟ್ರಾನುಗಳು ಅದರ ಸುತ್ತ ನಿಯತವಾದ ಶಕ್ತಿಮಟ್ಟಗಳಲ್ಲಿ ಇರುತ್ತವೆಂದು ಸಾರಿದರು. ಇಂದಿನ ಲೆಕ್ಕದಂತೆ ಸೋಡಿಯಂನ 11 ಎಲೆಕ್ಟ್ರಾನುಗಳು 2, 8, 1 ಎಂದು ಮೂರು ಕವಚಗಳಲ್ಲಿಯೂ ಪೊಟ್ಯಾಸಿಯಂನ 19 ಎಲೆಕ್ಟ್ರಾನುಗಳು 2, 8, 8, 1 ಎಂದು ನಾಲ್ಕು ಕವಚಗಳಲ್ಲಿಯೂ ಹಂಚಿಕೊಂಡಿವೆ. ಅತಿ ಹೊರಗಿನ ಒಂದು ಎಲೆಕ್ಟ್ರಾನನ್ನು ಕಿತ್ತು ತೆಗೆಯಲು ಬೇಕಾದ ಶಕ್ತಿಯೇ ಅಯಾನೀಕರಣ ಶಕ್ತಿ. ಎಲೆಕ್ಟ್ರಾನನ್ನು ಕಳೆದುಕೊಂಡ ಪರಮಾಣುವೇ ಅಯಾನು.

ಈ ಶಕ್ತಿ ಎಲ್ಲ ಧಾತುಗಳಲ್ಲಿ ಒಂದೇ ಸಮನಾಗಿಲ್ಲ. ಆವರ್ತ ಕೋಷ್ಟಕದ ಒಂದು ಗುಂಪಿನಲ್ಲಿ ಮೇಲಿನಿಂದ ಕೆಳಕ್ಕೆ ಬಂದಂತೆ ಕವಚಗಳ ಸಂಖ್ಯೆ ಹೆಚ್ಚುತ್ತದೆ. ಹೊರಗಿನ ಎಲೆಕ್ಟ್ರಾನು ನ್ಯೂಕ್ಲಿಯಸ್ಸಿನಿಂದ ದೂರವಾಗುತ್ತದೆ. ನಡುವಣ ಎಲೆಕ್ಟ್ರಾನುಗಳು ನ್ಯೂಕ್ಲಿಯಸ್ಸಿನ ಸೆಳೆತವನ್ನು ಮರೆಮಾಡುತ್ತವೆ. ಆದುದರಿಂದ ಸೋಡಿಯಂಗೆ 5.1 ಎಲೆಕ್ಟ್ರಾನ್ ವೋಲ್ಟ್ ಬೇಕಾದರೆ, ಪೊಟ್ಯಾಸಿಯಂಗೆ 4.3, ರುಬಿಡಿಯಂಗೆ 4.2, ಸೀಸಿಯಂಗೆ 3.9 ಸಾಕು. ಒಂದು ಸಾಲಿನಲ್ಲಿ ಎಡದಿಂದ ಬಲಕ್ಕೆ ಹೋದಂತೆ ನ್ಯೂಕ್ಲಿಯಸ್ಸಿನ ವಿದ್ಯುತ್ತು ಹೆಚ್ಚುತ್ತದೆ, ಕವಚ ಮಾತ್ರ ಅದೇ ಇರುತ್ತದೆ. ಹೀಗಾಗಿ ಹಿಡಿತ ಒಟ್ಟಿನಲ್ಲಿ ಬಿಗಿಯಾಗುತ್ತ ಹೋಗಿ, ಸೋಡಿಯಂ ಇರುವ ಸಾಲಿನ ಕೊನೆಯ ಆರ್ಗಾನಿನಲ್ಲಿ 15.8ಕ್ಕೆ ಮುಟ್ಟುತ್ತದೆ. ಎಲ್ಲಕ್ಕಿಂತ ಬಿಗಿಯಾದ ಹಿಡಿತ ಹೀಲಿಯಂನದು, ಅದಕ್ಕೆ 24.6 ಎಲೆಕ್ಟ್ರಾನ್ ವೋಲ್ಟ್ ಬೇಕು.

ಪ್ರಯೋಗಶಾಲೆಯಲ್ಲಿ ಅಳೆದ ಈ ಅಂಕಿಗಳನ್ನು ಸಾಹಾ ಅವರು ಸೂರ್ಯನಿಗೆ ಅನ್ವಯಿಸಿದರು. ಅವರ ಬಳಿ ದೊಡ್ಡ ದೂರದರ್ಶಕವಿರಲಿಲ್ಲ. ಉತ್ತಮ ಪ್ರಯೋಗಶಾಲೆಯೂ ಇರಲಿಲ್ಲ. ಕಾಗದ, ಲೇಖನಿ, ಗಣಿತ ಇಷ್ಟೇ ಅವರ ಸಾಧನಗಳು. ರಸಾಯನಶಾಸ್ತ್ರದಲ್ಲಿ ಒಂದು ವಸ್ತುವು ಶಾಖದಿಂದ ಬೇರ್ಪಟ್ಟು ಮತ್ತೆ ಕೂಡಿಕೊಳ್ಳುವುದನ್ನು ಲೆಕ್ಕಹಾಕುವ ನಿಯಮಗಳಿವೆ. ಪರಮಾಣುವಿನಿಂದ ಎಲೆಕ್ಟ್ರಾನು ಬೇರ್ಪಡುವುದಕ್ಕೂ ಅದೇ ನಿಯಮಗಳು ಸಲ್ಲುತ್ತವೆಂದು ಅವರು ಕಂಡುಕೊಂಡರು. ಅನಿಲದ ಉಷ್ಣತೆ, ಅದರ ಒತ್ತಡ, ಧಾತುವಿನ ಅಯಾನೀಕರಣ ಶಕ್ತಿ, ಈ ಮೂರು ಗೊತ್ತಾದರೆ ನೂರಕ್ಕೆ ಎಷ್ಟು ಪರಮಾಣುಗಳು ಎಲೆಕ್ಟ್ರಾನನ್ನು ಕಳೆದುಕೊಂಡಿವೆಯೆಂದು ಅವರ ಸಮೀಕರಣ ತಿಳಿಸುತ್ತದೆ. ಈ ಲೇಖನ 1920ರಲ್ಲಿ ಪ್ರಕಟವಾಯಿತು. ಆಗ ಅವರಿಗಿನ್ನೂ 27 ವರ್ಷ.

ಉಷ್ಣತೆ ಏರಿದರೆ ಪರಮಾಣುಗಳು ಎಲೆಕ್ಟ್ರಾನನ್ನು ಕಳೆದುಕೊಳ್ಳುವುದು ಸಹಜ. ಒತ್ತಡದ ಪಾತ್ರವನ್ನು ತಿಳಿಸಿದುದೇ ಸಾಹಾ ಅವರ ಹೆಚ್ಚಳ. ಕಿಕ್ಕಿರಿದ ಸಂತೆಯಲ್ಲಿ ಕಾಲಿಟ್ಟಲ್ಲೆಲ್ಲ ಯಾರಾದರೊಬ್ಬರು ಎದುರಾಗುತ್ತಾರೆ. ಬರಿದಾದ ಎರೆಹೊಲದಲ್ಲಿ ಹರದಾರಿ ನಡೆದರೂ ಒಬ್ಬರು ಸಿಕ್ಕುವುದು ಕಷ್ಟ. ಹಾಗೆಯೇ ದಟ್ಟವಾದ ಅನಿಲದಲ್ಲಿ ಬೇರ್ಪಟ್ಟ ಎಲೆಕ್ಟ್ರಾನಿಗೆ ಬೇಗನೆ ಒಂದು ಅಯಾನು ಸಿಕ್ಕಿ ಎರಡೂ ಕೂಡಿಕೊಳ್ಳುತ್ತವೆ; ಒತ್ತಡ ಕಡಿಮೆಯಿರುವ ವಿರಳವಾದ ಅನಿಲದಲ್ಲಿ ಅವುಗಳ ಭೇಟಿ ಅಪರೂಪ. ಆದಕಾರಣ ವರ್ಣಗೋಳದ ಎತ್ತರದಲ್ಲಿ ಕ್ಯಾಲ್ಸಿಯಂ ಹೆಚ್ಚಾಗಿ ಅಯಾನಿನ ರೂಪದಲ್ಲಿಯೇ ಉಳಿದು ತನ್ನ ಎರಡನೆಯ ಬಗೆಯ ರೇಖೆಗಳನ್ನು ಕೊಡುತ್ತದೆ. ಮೇಲಕ್ಕೆ ಹೋದಂತೆ ಅಲ್ಲಿನ ಉಷ್ಣತೆಯೂ ಏರುತ್ತದೆಂದು ಮುಂದಿನ ಸಂಶೋಧನೆಗಳು ತಿಳಿಸಿದವು. ಆದರೂ ಒತ್ತಡದ ಕುರಿತು ಸಾಹಾ ಅವರು ಕಂಡ ನಿಯಮ ಅಳಿಯಲಿಲ್ಲ.

ರುಬಿಡಿಯಂ, ಸೀಸಿಯಂಗಳ ಪ್ರಶ್ನೆಗೂ ಉತ್ತರ ದೊರೆಯಿತು. ಹೊರ ಎಲೆಕ್ಟ್ರಾನಿನ ಮೇಲೆ ಅವುಗಳ ಹಿಡಿತ ಸಡಿಲ. ಸುಮಾರು 5,800 ಕೆಲ್ವಿನ್ ಉಷ್ಣತೆಯ ಸೂರ್ಯನ ಮೇಲ್ಮೈಯಲ್ಲಿ ಅವು ಬಹುಮಟ್ಟಿಗೆ ಎಲೆಕ್ಟ್ರಾನನ್ನು ಕಳೆದುಕೊಂಡಿರುತ್ತವೆ. ಉಳಿದ ಅಯಾನಿನ ರೇಖೆಗಳು ಕಣ್ಣಿಗೆ ಕಾಣದ ಅತಿನೇರಳೆ ಭಾಗದಲ್ಲಿವೆ. ಸೂರ್ಯಕಲೆಗಳು ಇದಕ್ಕಿಂತ ತಂಪಾದ ಭಾಗಗಳಾದುದರಿಂದ ಅಲ್ಲಿ ಹುಡುಕಿದರೆ ರುಬಿಡಿಯಂ ಕಾಣಿಸಬೇಕೆಂದು ಸಾಹಾ ಅವರು ಮುನ್ನುಡಿದರು. ಅದನ್ನು ಪರೀಕ್ಷಿಸುವ ಉಪಕರಣ ಅವರಲ್ಲಿರಲಿಲ್ಲ. ಮಾತು ಸುಳ್ಳಾಗಿದ್ದರೆ ಇಡೀ ಸಿದ್ಧಾಂತವೇ ಸಂಶಯಕ್ಕೆ ಒಳಗಾಗುತ್ತಿತ್ತು. ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ತೆಗೆದ ಸೂರ್ಯಕಲೆಗಳ ರೋಹಿತಚಿತ್ರಗಳಲ್ಲಿ ಹೆನ್ರಿ ನಾರಿಸ್ ರಸೆಲ್ ಅವರು ರುಬಿಡಿಯಂ ರೇಖೆಗಳನ್ನು ಪತ್ತೆಹಚ್ಚಿದರು. ಕಲ್ಕತ್ತೆಯಲ್ಲಿ ಮಾಡಿದ ಲೆಕ್ಕ ಸೂರ್ಯನಲ್ಲಿ ನಿಜವಾಯಿತು. 1925ರಲ್ಲಿ ಸಿಸಿಲಿಯಾ ಪೇಯ್ನ್ ಎಂಬ ಯುವತಿಯು ಅದೇ ಸಮೀಕರಣವನ್ನು ನಕ್ಷತ್ರಗಳಿಗೆ ಅನ್ವಯಿಸಿ, ಅವುಗಳಲ್ಲಿ ಅತ್ಯಧಿಕವಾಗಿರುವ ಧಾತುಗಳು ಜಲಜನಕ ಮತ್ತು ಹೀಲಿಯಂ ಎಂಬ ಫಲಿತಾಂಶವನ್ನು ಪಡೆದಳು.

ಈ ನಡುವೆ ಸಾಹಾ ಅವರು ಯುರೋಪಿಗೆ ಹೋಗಿ, ಲಂಡನ್ನಿನಲ್ಲಿ ಲಾಕಿಯರ್ ಅವರ ಶಿಷ್ಯರಾದ ಆಲ್‌ಫ್ರೆಡ್ ಫೌಲರ್ ಅವರ ಬಳಿ ಕೆಲಸ ಮಾಡಿ ಬಂದರು. 1923ರಿಂದ 1938ರವರೆಗೆ ಅಲಹಾಬಾದ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. 1927ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾಗಿ ಚುನಾಯಿತರಾದರು. ನೊಬೆಲ್ ಪಾರಿತೋಷಕಕ್ಕೆ ಅವರ ಹೆಸರು ಹಲವು ಬಾರಿ ಸೂಚಿತವಾದರೂ ಅದು ಅವರಿಗೆ ಲಭಿಸಲಿಲ್ಲ. 1938ರಲ್ಲಿ ಕಲ್ಕತ್ತೆಗೆ ಮರಳಿ ಅಲ್ಲಿ ಪರಮಾಣು ಸಂಶೋಧನೆಗಾಗಿ ಒಂದು ಸಂಸ್ಥೆಯನ್ನು ಕಟ್ಟಿದರು. ಅದು ಇಂದು ಅವರದೇ ಹೆಸರನ್ನು ಹೊತ್ತಿದೆ.

ವಿಜ್ಞಾನವು ಪ್ರಯೋಗಶಾಲೆಯ ಗೋಡೆಗಳೊಳಗೆ ಉಳಿಯಬಾರದೆಂಬುದು ಅವರ ನಿಲುವಾಗಿತ್ತು. ಬಾಲ್ಯದಲ್ಲಿ ನೆರೆಯ ನೀರನ್ನು ಕಂಡಿದ್ದ ಅವರು ದಾಮೋದರ ನದಿಯ ಪ್ರವಾಹವನ್ನು ತಡೆಯುವ ಯೋಜನೆಗಾಗಿ ಶ್ರಮಿಸಿದರು. 1952ರಲ್ಲಿ ಲೋಕಸಭೆಗೆ ಆಯ್ಕೆಯಾದರು. ನಾಡಿನ ಬೇರೆ ಬೇರೆ ಪಂಚಾಂಗಗಳನ್ನು ಪರಿಶೀಲಿಸಿ ಏಕರೂಪದ ರಾಷ್ಟ್ರೀಯ ಪಂಚಾಂಗವನ್ನು ರೂಪಿಸಿದ ಸಮಿತಿಗೆ ಅವರೇ ಅಧ್ಯಕ್ಷರು. ಅದು 1957ರ ಮಾರ್ಚ್ 22ರಂದು ಜಾರಿಗೆ ಬಂದಿತು. ಆದರೆ ಅದನ್ನು ನೋಡಲು ಸಾಹಾ ಅವರು ಉಳಿದಿರಲಿಲ್ಲ. 1956ರ ಫೆಬ್ರುವರಿ 16ರಂದು ದೆಹಲಿಯಲ್ಲಿ ಯೋಜನಾ ಆಯೋಗದ ಕಚೇರಿಗೆ ನಡೆದುಹೋಗುತ್ತಿದ್ದಾಗ ಹೃದಯಾಘಾತದಿಂದ ಕುಸಿದು ನಿಧನರಾದರು.

ಅದಕ್ಕೆ ಸರಿಯಾಗಿ 24 ವರ್ಷಗಳ ತರುವಾಯ, 1980ರ ಫೆಬ್ರುವರಿ 16ರಂದು, ಪೂರ್ಣ ಸೂರ್ಯಗ್ರಹಣದ ನೆರಳು ಮತ್ತೆ ಕನ್ನಡ ನಾಡಿನ ಮೇಲೆ ಹಾದುಹೋಯಿತು. ಅಂದು ಇಳಿಹೊತ್ತಿನಲ್ಲಿ ಹುಬ್ಬಳ್ಳಿ, ಲಕ್ಷ್ಮೇಶ್ವರ, ಶಿರಹಟ್ಟಿ, ಗದಗ-ಬೆಟಗೇರಿ, ಮುಂಡರಗಿಗಳ ಮೇಲೆ ಕೆಲವು ನಿಮಿಷ ಕತ್ತಲೆ ಕವಿಯಿತು. ಅನೇಕರು ಅಂಜಿ ಬಾಗಿಲು ಮುಚ್ಚಿಕೊಂಡು ಮನೆಯೊಳಗೆ ಕುಳಿತರು. ಅದೇ ಹೊತ್ತಿನಲ್ಲಿ ಹುಬ್ಬಳ್ಳಿಯ ಸಮೀಪದಲ್ಲಿಯೂ ರಾಯಚೂರು ಜಿಲ್ಲೆಯಲ್ಲಿಯೂ ಬೀಡುಬಿಟ್ಟಿದ್ದ ವಿಜ್ಞಾನಿಗಳು ಸೂರ್ಯನ ಅಂಚಿನ ಬೆಳಕನ್ನು ತಮ್ಮ ಉಪಕರಣಗಳಲ್ಲಿ ಹಿಡಿದಿಡುತ್ತಿದ್ದರು. ಜಮಖಂಡಿಯಲ್ಲಿ ಹರ್ಷೆಲ್ ಕಂಡಾಗ ಆ ರೇಖೆಗಳು ಒಗಟಾಗಿದ್ದವು. ಈಗ ಅವು ಓದಬಲ್ಲ ಅಕ್ಷರಗಳಾಗಿದ್ದವು. ಅವನ್ನು ಓದಲು ಕಲಿಸಿದವರಲ್ಲಿ, ಹಸು ಮೇಯಿಸಿ, ತಟ್ಟೆ ತೊಳೆದು ವಿದ್ಯೆ ಗಳಿಸಿದ ಶೇವರಾತಲಿಯ ಆ ಬಾಲಕನು ಅಗ್ರಗಣ್ಯನು.