ಮನೆಯಂಗಳದಿಂದ ಹೊರಟ ಆಕಾಶವಾಣಿ

ಮೈಸೂರು: ಕೂಡ್ಲಿಗಿಯ ಹೊಸಹಳ್ಳಿಯಿಂದ ಹಿಡಿದು ರಾಜಧಾನಿಯವರೆಗೆ ಕನ್ನಡಿಗರು ರೇಡಿಯೋವನ್ನು ಆಕಾಶವಾಣಿ ಎಂದೇ ಕರೆಯುತ್ತಾರೆ. ಆ ಹೆಸರಿನ ಬಾನುಲಿ ಕೇಂದ್ರ ಮೊದಲು ದನಿಗೂಡಿಸಿದ್ದು ಯಾವುದೇ ಸರ್ಕಾರಿ ಕಟ್ಟಡದಲ್ಲಲ್ಲ, ಮೈಸೂರಿನ ಪ್ರಾಧ್ಯಾಪಕರೊಬ್ಬರ ಮನೆಯಲ್ಲಿ. ಅವರೇ ಡಾ. ಎಂ.ವಿ. ಗೋಪಾಲಸ್ವಾಮಿ.

ಗೋಪಾಲಸ್ವಾಮಿ ಎಂಜಿನಿಯರ್ ಆಗಿರಲಿಲ್ಲ, ಮನಃಶಾಸ್ತ್ರಜ್ಞರು. ಲಂಡನ್ನಿನಲ್ಲಿ ಪ್ರಸಿದ್ಧ ವಿದ್ವಾಂಸ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಅಧ್ಯಯನ ನಡೆಸಿ ಮರಳಿದ ಅವರು 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ವಿಭಾಗವನ್ನು ಕಟ್ಟಿದರು. ಬುದ್ಧಿಮತ್ತೆಯ ಪರೀಕ್ಷೆಗಳನ್ನು ಭಾರತೀಯ ಮಕ್ಕಳಿಗೆ ಹೊಂದಿಸಲು ಶ್ರಮಿಸಿದರು. ಅವರ ಮತ್ತೊಂದು ಆಸಕ್ತಿ ರೇಡಿಯೋ.

1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ 'ವಿಠಲ ವಿಹಾರ'ದಿಂದ ಅವರು ಪ್ರಸಾರ ಆರಂಭಿಸಿದರು. ಪ್ರೇಷಕದ ಸಾಮರ್ಥ್ಯ ಕೇವಲ 30 ವ್ಯಾಟ್, ಅಂದರೆ ಸಾಮಾನ್ಯ 40 ವ್ಯಾಟಿನ ಬಲ್ಬಿಗಿಂತ ಕಡಿಮೆ.

ಇಷ್ಟು ಅಲ್ಪ ಶಕ್ತಿಯಿಂದ ಧ್ವನಿ ಊರು ಸುತ್ತುವುದಾದರೂ ಹೇಗೆ? ಪ್ರೇಷಕದ ಹೃದಯವೆಂದರೆ ತಂತಿಯ ಸುರುಳಿ ಮತ್ತು ಅದಕ್ಕೆ ಜೋಡಿಸಿದ ಕೆಪಾಸಿಟರ್. ಇವುಗಳ ನಡುವೆ ವಿದ್ಯುತ್ತು ಉಯ್ಯಾಲೆಯಂತೆ ಹಿಂದುಮುಂದಾಗಿ ತೂಗುತ್ತದೆ. ಉಯ್ಯಾಲೆ ನಿಲ್ಲದಂತೆ ಸರಿಯಾದ ಕ್ಷಣಕ್ಕೆ ತಳ್ಳುವವರು ಬೇಕು; ಆ ಕಾಲದಲ್ಲಿ ಗಾಜಿನ ವಾಲ್ವ್‌ಗಳು ಆ ಕೆಲಸ ಮಾಡುತ್ತಿದ್ದವು. ಟ್ರಾನ್ಸಿಸ್ಟರ್ ಹುಟ್ಟಿದ್ದು 1947ರ ಡಿಸೆಂಬರ್‌ನಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಇಂದು ಮನೆಯ ಮೇಜಿನ ಮೇಲೆ ಟ್ರಾನ್ಸಿಸ್ಟರ್‌ನಿಂದ ಸುರುಳಿಗೆ ಮಿಡಿತ ಕೊಟ್ಟು ಪ್ರಯೋಗಿಸುವ ಹವ್ಯಾಸಿಗಳು ಆಶ್ರಯಿಸುವುದೂ ಇದಕ್ಕೆ ಹತ್ತಿರದ ತತ್ತ್ವವನ್ನೇ.

ಗೋಪಾಲಸ್ವಾಮಿಯವರ ಹೆಗ್ಗಳಿಕೆ ಇರುವುದು ಹವ್ಯಾಸವನ್ನು ತಮಗಷ್ಟೇ ಇಟ್ಟುಕೊಳ್ಳದಿದ್ದುದರಲ್ಲಿ. ಯಂತ್ರವು ಕೆಲಸ ಮಾಡಿತೆಂಬ ಸಂತೋಷಕ್ಕೆ ಅವರು ನಿಲ್ಲಲಿಲ್ಲ. ಸಂಗೀತಗಾರರನ್ನೂ ಸಾಹಿತಿಗಳನ್ನೂ ಮನೆಗೆ ಬರಮಾಡಿಕೊಂಡರು. ಕುವೆಂಪು ಅವರ ಕಾವ್ಯವಾಚನ ಅಲ್ಲಿಂದ ಕೇಳಿಬಂದಿತು. ಸಹೋದ್ಯೋಗಿ ನಾ. ಕಸ್ತೂರಿಯವರು ಈ ಸಾಹಸಕ್ಕೆ ನೆರವಾದರು. ಆಕಾಶವಾಣಿ ಎಂಬ ಹೆಸರು ಅವರದೇ ಸೂಚನೆ ಎಂಬ ಮಾತು ಮೈಸೂರಿನಲ್ಲಿ ಇಂದಿಗೂ ಪ್ರಚಲಿತ.

ಈ ಹೆಸರಿನ ಕೀರ್ತಿ ಅನೇಕ ವೇಳೆ ರವೀಂದ್ರನಾಥ ಠಾಗೋರರಿಗೆ ಸಲ್ಲುತ್ತದೆ. ಆದರೆ ಕಲ್ಕತ್ತ ಕೇಂದ್ರಕ್ಕಾಗಿ ಕವಿಗಳು ಆ ಪದ ಬಳಸಿದ್ದು 1938ರಲ್ಲಿ. ಅಷ್ಟರಲ್ಲಿ ಮೈಸೂರಿನ ಕೇಂದ್ರಕ್ಕೆ ಮೂರು ವರ್ಷ ತುಂಬಿತ್ತು. ದೇಶದ ಪ್ರಸಾರ ಸಂಸ್ಥೆಗೆ ಆಲ್ ಇಂಡಿಯಾ ರೇಡಿಯೋ ಎಂಬ ನಾಮಕರಣವಾದದ್ದೂ 1936ರ ಜೂನ್‌ನಲ್ಲಿಯೇ.

ಖಾಸಗಿ ವ್ಯಕ್ತಿಯೊಬ್ಬರು ಬಾನುಲಿ ಕೇಂದ್ರವನ್ನು ಬಹುಕಾಲ ನಡೆಸುವುದು ಸುಲಭವಲ್ಲ. ಸುಮಾರು ಆರು ವರ್ಷಗಳ ನಂತರ, 1942ರ ಆರಂಭದಲ್ಲಿ, ಮೈಸೂರು ಸಂಸ್ಥಾನ ಸರ್ಕಾರ ಅದನ್ನು ವಹಿಸಿಕೊಂಡಿತು. 1950ರಲ್ಲಿ ಅದು ಆಲ್ ಇಂಡಿಯಾ ರೇಡಿಯೋಗೆ ಸೇರಿತು. 1955ರಲ್ಲಿ ಕೇಂದ್ರ ಬೆಂಗಳೂರಿಗೆ ಸ್ಥಳಾಂತರಗೊಂಡು ಮೈಸೂರು ಮೌನವಾಯಿತು. 1957ರಲ್ಲಿ ನಿಧನರಾದ ಗೋಪಾಲಸ್ವಾಮಿಯವರು ತಮ್ಮ ಊರಿನಲ್ಲಿ ಆ ದನಿ ಮರಳಿದ್ದನ್ನು ಕಾಣಲಿಲ್ಲ. ಮೈಸೂರು ಕೇಂದ್ರ ಪುನಃ ಆರಂಭವಾದದ್ದು 1974ರಲ್ಲಿ, ಯಾದವಗಿರಿಯಲ್ಲಿ.

ಅವರು ಕೈಬಿಟ್ಟುಕೊಟ್ಟ ಕೇಂದ್ರ ಬೇರೆಡೆಗೆ ಹೋಯಿತು. ಆದರೆ ಅದರ ಹೆಸರನ್ನು 1950ರ ದಶಕದಲ್ಲಿ ಇಡೀ ದೇಶವೇ ಸ್ವೀಕರಿಸಿತು. 2023ರಲ್ಲಿ ಪ್ರಸಾರ ಭಾರತಿಯು ಇಂಗ್ಲಿಷ್ ಹೆಸರನ್ನು ಕೈಬಿಟ್ಟು ಆಕಾಶವಾಣಿ ಎಂಬುದನ್ನಷ್ಟೇ ಬಳಸಲು ಸೂಚಿಸಿತು. ಮನೆಯೊಂದರ 30 ವ್ಯಾಟಿನ ಪ್ರಯೋಗಕ್ಕೆ ಇದಕ್ಕಿಂತ ದೊಡ್ಡ ಗೌರವ ಬೇರೇನಿದೆ?